ಕರಿ ಗುಂಡು, ಬಿಳಿ ಗುಂಡು: ಮುಂಬಯಿಯ ಫ್ರೀಮೇಸನ್ನರ ಕಥೆ

ಮುಂಬಯಿ ಕನ್ನಡಿಗರ ಬಾಯಲ್ಲಿ ಲಾಡ್ಜ್ ಎಂದರೆ ಅರ್ಥ ಒಂದೇ. ಕೆಳಗೆ ಉಡುಪಿ ಹೋಟೆಲು, ಮೇಲೆ ಬಾಡಿಗೆ ಕೋಣೆಗಳು, ಗೋಡೆಯ ಮೇಲೆ 'ಬೋರ್ಡಿಂಗ್ ಅಂಡ್ ಲಾಡ್ಜಿಂಗ್' ಎಂಬ ಬೋರ್ಡು. ಹಾಗಾಗಿ ಕಪ್ಪು ಸೂಟು ತೊಟ್ಟು, ಬಿಳಿ ಕೈಗವಸು ಚೀಲದಲ್ಲಿಟ್ಟುಕೊಂಡು, “ಲಾಡ್ಜಿಗೆ ಹೋಗಿ ಬರ್ತೀನಿ” ಎಂದು ನಾನು ಹೊರಟ ಮೊದಲ ಸಲ ಧಾರವಾಡದಿಂದ ಬಂದಿದ್ದ ಅವ್ವ ಗಾಬರಿಯಾದಳು. “ಮುಲುಂಡಿನ್ಯಾಗ ಸ್ವಂತ ಮನೀ ಐತಿ, ಲಾಡ್ಜಿಗ್ಯಾಕ ಹೊಂಟಿ?” ಹೆಂಡತಿ ನಕ್ಕು, “ಅತ್ತಿ, ಅದು ಮಲಗೂ ಲಾಡ್ಜ್ ಅಲ್ರೀ, ಅವರದೊಂದು ಸಂಘ” ಎಂದಳು. ಅವ್ವನಿಗೆ ಸಮಾಧಾನವಾಗಲಿಲ್ಲ. “ಯಾರ ಸಂಘ? ನಮ್ಮವರದಾ?”

ಫ್ರೀಮೇಸನ್ನರ ಮುನ್ನೂರು ವರ್ಷದ ಚರಿತ್ರೆಯನ್ನು ಓದುತ್ತ ಹೋದಂತೆ, ಅದೆಲ್ಲ ಇದೊಂದೇ ಪ್ರಶ್ನೆಯ ಸುತ್ತ ತಿರುಗಿದೆ ಎಂದು ನನಗೆ ಅನಿಸಿದೆ: ನಮ್ಮವರು ಯಾರು? ಈ ಪ್ರಶ್ನೆ ಅತಿ ಜೋರಾಗಿ ಕೇಳಿಬಂದ ಊರುಗಳಲ್ಲಿ ಮುಂಬಯಿಯೂ ಒಂದು. ನಾನು 2011ರಲ್ಲಿ ಇಲ್ಲಿನ ಒಂದು ಲಾಡ್ಜಿಗೆ ಸೇರಿದೆ. ಒಂದೊಂದೇ ಮೆಟ್ಟಿಲು ಹತ್ತಿ 2022ರಲ್ಲಿ ಅದರ ಮಾಸ್ಟರ್ ಆಗಿ ಒಂದು ವರ್ಷ ಕೂತೆ. ಪರಸ್ಪರ ಗುರುತು ಹಿಡಿಯುವ ಸಂಕೇತಗಳನ್ನು ಇಲ್ಲಿ ಹೇಳುವುದಿಲ್ಲ, ಅದು ಕೊಟ್ಟ ಮಾತು. ಉಳಿದದ್ದರಲ್ಲಿ ಗುಟ್ಟು ಎಂಬುದು ಬಹಳ ಇಲ್ಲ. 1730ರಲ್ಲಿಯೇ ಸ್ಯಾಮ್ಯುಯೆಲ್ ಪ್ರಿಚರ್ಡ್ ಎಂಬವನು ಲಂಡನ್ನಿನಲ್ಲಿ ಲಾಡ್ಜಿನ ಆಚರಣೆಗಳನ್ನು ಅಚ್ಚು ಹಾಕಿಸಿ ಮಾರಿದ್ದ.

ಮೇಸನ್ ಎಂದರೆ ನಮ್ಮ ಕಡೆಯ ಗೌಂಡಿ, ಕಲ್ಲುಕೆಲಸದವನು. ಯುರೋಪಿನಲ್ಲಿ ದೊಡ್ಡ ಚರ್ಚುಗಳು ಏಳುತ್ತಿದ್ದಾಗ ಕಟ್ಟಡದ ಪಕ್ಕದಲ್ಲಿ ಕಲ್ಲುಕೆಲಸದವರು ಉಪಕರಣ ಇಟ್ಟುಕೊಂಡು ಕೆಲಸ ಮಾಡುತ್ತಿದ್ದ ಗುಡಿಸಲಿಗೆ ಲಾಡ್ಜ್ ಎನ್ನುತ್ತಿದ್ದರು. ಕಸುಬಿನ ಗುಟ್ಟು, ಕಲಿಯುವವನು ಮತ್ತು ಕಲಿತವನು ಎಂಬ ಹಂತಗಳು, ಪರವೂರಿಂದ ಬಂದವನು ನಿಜವಾಗಿ ಕಸುಬುದಾರನೇ ಎಂದು ಪತ್ತೆ ಹಚ್ಚುವ ಗುರುತಿನ ಮಾತುಗಳು ಅಲ್ಲಿದ್ದವು. ನಮಗೂ ಇದು ಹೊಸದೇನಲ್ಲ. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೊರೆದು ಹೋಗಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ. ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಹೋಗುವ ವಿದ್ಯೆ ಅದು. ಆದರೆ ಇಂಗ್ಲೆಂಡು, ಸ್ಕಾಟ್ಲೆಂಡುಗಳಲ್ಲಿ ಒಂದು ವಿಚಿತ್ರ ನಡೆಯಿತು. ಉಳಿಯನ್ನೇ ಮುಟ್ಟದ ವಕೀಲರು, ಜಮೀನುದಾರರು, ವ್ಯಾಪಾರಿಗಳು ಆ ಲಾಡ್ಜುಗಳಿಗೆ ಸೇರಿ, ಸುತ್ತಿಗೆ ಮತ್ತು ಮಟ್ಟಗೋಲುಗಳನ್ನು ಬದುಕಿನ ಪಾಠಕ್ಕೆ ರೂಪಕ ಮಾಡಿಕೊಂಡರು. 1717ರ ಜೂನ್ 24ರಂದು ಲಂಡನ್ನಿನ ನಾಲ್ಕು ಲಾಡ್ಜುಗಳು ಒಂದು ಪಾನಗೃಹದಲ್ಲಿ ಸೇರಿ ಮೊದಲ ಗ್ರ್ಯಾಂಡ್ ಲಾಡ್ಜ್ ಕಟ್ಟಿದವು ಎಂಬುದು ಸಂಘದ ಸಾಂಪ್ರದಾಯಿಕ ಚರಿತ್ರೆ. 1723ರಲ್ಲಿ ಜೇಮ್ಸ್ ಆಂಡರ್ಸನ್ ಎಂಬ ಪಾದ್ರಿ ಅದಕ್ಕೆ ನಿಯಮಾವಳಿ ಬರೆದ. ಅದರ ತಿರುಳು ಇಷ್ಟು: ನಾಸ್ತಿಕನಿಗೆ ಪ್ರವೇಶವಿಲ್ಲ, ಅದು ಬಿಟ್ಟರೆ ಯಾವ ಮತ ಎಂದು ಕೇಳಬೇಕಿಲ್ಲ, ಮನುಷ್ಯ ಒಳ್ಳೆಯವನಾಗಿದ್ದರೆ ಸಾಕು. ಲಾಡ್ಜಿನೊಳಗೆ ಮತ ಮತ್ತು ರಾಜಕೀಯದ ಚರ್ಚೆ ನಿಷಿದ್ಧ. ಕ್ಯಾಥೊಲಿಕರು ಮತ್ತು ಪ್ರೊಟೆಸ್ಟೆಂಟರು ಒಬ್ಬರನ್ನೊಬ್ಬರು ಕಡಿದು ಹಾಕಿದ ನೆನಪು ಇನ್ನೂ ಹಸಿಯಾಗಿದ್ದ ಕಾಲದಲ್ಲಿ ಇದು ಸಣ್ಣ ಮಾತಾಗಿರಲಿಲ್ಲ. 1738ರಲ್ಲಿ ಹನ್ನೆರಡನೇ ಕ್ಲೆಮೆಂಟ್ ಪೋಪ್ ಈ ಸಂಘವನ್ನು ನಿಷೇಧಿಸಿದ.

ಭಾರತಕ್ಕೆ ಇದು ಈಸ್ಟ್ ಇಂಡಿಯಾ ಕಂಪನಿಯ ಹಡಗಿನಲ್ಲೇ ಬಂತು. 1730ರಲ್ಲಿ ಕಲ್ಕತ್ತದ ಫೋರ್ಟ್ ವಿಲಿಯಂನಲ್ಲಿ ಮೊದಲ ಲಾಡ್ಜ್, 1752ರಲ್ಲಿ ಮದರಾಸಿನಲ್ಲಿ, 1758ರಲ್ಲಿ ಮುಂಬಯಿಯಲ್ಲಿ. ಪಡೆ ಹೋದಲ್ಲಿ ಲಾಡ್ಜೂ ಹೋಯಿತು. ನಮ್ಮ ಬೆಂಗಳೂರಿನ ದಂಡು ಪ್ರದೇಶಕ್ಕೂ ಬಂತು. ಆರು ತಿಂಗಳು ಸಮುದ್ರದಲ್ಲಿ ಅಲೆದು, ಕಾಲರಾ ಮತ್ತು ಸೆಕೆಯ ಊರಿಗೆ ಬಂದಿಳಿದ ಗುಮಾಸ್ತನಿಗೆ ಪರಿಚಯದ ಮುಖಗಳು, ಒಟ್ಟಿಗೆ ಊಟ, ಸತ್ತರೆ ಮಣ್ಣು ಮಾಡಲು ನಾಲ್ಕು ಜನ ಬೇಕಿತ್ತು. ಕೆಲಸಕ್ಕೆಂದು ಊರು ಬಿಟ್ಟು ಬಂದ ನಮಗೆ ಈ ಅಗತ್ಯವನ್ನು ಯಾರೂ ವಿವರಿಸಿ ಹೇಳಬೇಕಿಲ್ಲ.

ಸ್ಥಳೀಯರಿಗೆ ಇದೊಂದು ಮಾಟದ ಮನೆ. ಕಿಟಕಿ ಮುಚ್ಚಿದ ಕಟ್ಟಡ, ರಾತ್ರಿ ಹೊತ್ತು ಒಳಹೋಗುವ ಸಾಹೇಬರು, ಬಾಗಿಲಲ್ಲಿ ಕತ್ತಿ ಹಿಡಿದ ಕಾವಲುಗಾರ. ಅದಕ್ಕೇ ಉತ್ತರದ ಕಡೆ ಜನ ಇದನ್ನು 'ಜಾದೂ ಘರ್' ಎಂದು ಕರೆದರು. ಮುಂಬಯಿಯಲ್ಲೇ ಹುಟ್ಟಿದ, ಲಾಹೋರಿನ ಲಾಡ್ಜಿನಲ್ಲಿ 1886ರಲ್ಲಿ ಮೇಸನ್ ಆದ ರಡ್ಯಾರ್ಡ್ ಕಿಪ್ಲಿಂಗ್ 'ಕಿಮ್' ಕಾದಂಬರಿಯಲ್ಲಿ ಈ ಹೆಸರನ್ನು ಬಳಸಿದ್ದಾನೆ. ಅನಾಥ ಹುಡುಗ ಕಿಮ್‌ನ ಕೊರಳ ತಾಯಿತದಲ್ಲಿರುವುದು ಅವನ ತಂದೆಯ ಮೇಸನಿಕ್ ಕಾಗದವೇ.

ಎಲ್ಲರೂ ಸಹೋದರರು ಎಂಬ ತತ್ವವೇನೋ ಸರಿ. ಆದರೆ ಆಳುವವನೂ ಆಳಿಸಿಕೊಳ್ಳುವವನೂ ಒಂದೇ ಕೋಣೆಯಲ್ಲಿ ಸಹೋದರರಾಗಬಹುದೇ? ಆರ್ಕಾಟ್ ನವಾಬನ ಮಗ ಉಮ್ದತ್-ಉಲ್-ಉಮ್ರಾನನ್ನು ತಿರುಚಿನಾಪಳ್ಳಿಯಲ್ಲಿ 1770ರ ದಶಕದಲ್ಲೇ ಸೇರಿಸಿಕೊಂಡಿದ್ದರು. ಅವನು ನವಾಬನ ಮಗ, ಸ್ನೇಹ ಕಂಪನಿಗೂ ಬೇಕಿತ್ತು. ಒಬ್ಬ ಸಾಮಾನ್ಯ ಭಾರತೀಯ ಅರ್ಜಿ ಹಾಕಿದರೆ ಏನಾಗುತ್ತದೆ ಎಂಬ ಪರೀಕ್ಷೆ ನಡೆದದ್ದು ಮುಂಬಯಿಯಲ್ಲಿ.

ಆ ಅರ್ಜಿ ಹಾಕಿದವರು ಮಾಣಿಕ್‌ಜಿ ಕರ್ಸೆಟ್‌ಜಿ, 1808ರಲ್ಲಿ ಹುಟ್ಟಿದ ಪಾರ್ಸಿ. ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಕಲಿಸಬೇಕೆಂದು ಹಟ ಹಿಡಿದು, 1863ರಲ್ಲಿ ಅಲೆಕ್ಸಾಂಡ್ರಾ ಗರ್ಲ್ಸ್ ಇಂಗ್ಲಿಷ್ ಇನ್‌ಸ್ಟಿಟ್ಯೂಷನ್ ತೆರೆದವರು. ಮುಂದೆ ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನ ನ್ಯಾಯಾಧೀಶರಾದವರು. ಮುಚ್ಚಿದ ಬಾಗಿಲುಗಳನ್ನು ತಟ್ಟುವುದೇ ಅವರ ಜಾಯಮಾನ. ಟೌನ್ ಹಾಲಿನ ಏಷಿಯಾಟಿಕ್ ಸೊಸೈಟಿಗೆ ಹಲವು ವರ್ಷಗಳ ವಿರೋಧದ ನಂತರ 1840ರಲ್ಲಿ ಸೇರಿದ ಮೊದಲ ಭಾರತೀಯ ಅವರೇ. ಮೇಸನ್ ಆಗಬೇಕೆಂದು ಮುಂಬಯಿಯ ಯುರೋಪಿಯನ್ನರ ಲಾಡ್ಜ್ ಪರ್ಸಿವರೆನ್ಸ್‌ನ ಬಾಗಿಲು ತಟ್ಟಿದಾಗ ಅಲ್ಲಿ ಅವರಿಗೆ ಕರಿ ಗುಂಡು ಬಿತ್ತು.

ಕರಿ ಗುಂಡು ಎಂದರೇನು ಹೇಳುತ್ತೇನೆ. ಹೊಸಬರ ಅರ್ಜಿ ಬಂದಾಗ ಲಾಡ್ಜಿನಲ್ಲಿ ಗುಪ್ತ ಮತದಾನ. ಒಂದು ಮರದ ಪೆಟ್ಟಿಗೆ ಸುತ್ತು ಬರುತ್ತದೆ. ಒಪ್ಪಿಗೆಯಿದ್ದರೆ ಬಿಳಿ ಗುಂಡು, ಇಲ್ಲದಿದ್ದರೆ ಕರಿ ಗುಂಡು. ಕೈ ಪೆಟ್ಟಿಗೆಯೊಳಗೇ ಹೋಗುವುದರಿಂದ ಯಾರು ಏನು ಹಾಕಿದರೆಂದು ಪಕ್ಕದವನಿಗೂ ತಿಳಿಯುವುದಿಲ್ಲ. ಇದರಲ್ಲಿ ಬಹುಮತದ ಲೆಕ್ಕವಿಲ್ಲ. ಬೆರಳೆಣಿಕೆಯ ಕರಿ ಗುಂಡು ಸಾಕು, ಅರ್ಜಿ ಬಿದ್ದುಹೋಗುತ್ತದೆ, ಕಾರಣ ಕೇಳುವಂತಿಲ್ಲ. ಇಂಗ್ಲಿಷಿನ 'ಬ್ಲ್ಯಾಕ್‌ಬಾಲ್' ಎಂಬ ಮಾತೇ ಇಂಥ ಪೆಟ್ಟಿಗೆಗಳಿಂದ ಬಂದದ್ದು.

ಮಾಣಿಕ್‌ಜಿ ಸುಮ್ಮನಾಗಲಿಲ್ಲ. ಯುರೋಪಿಗೆ ಹೋದರು. 1843ರಲ್ಲಿ ಪ್ಯಾರಿಸ್ಸಿನ ಒಂದು ಫ್ರೆಂಚ್ ಲಾಡ್ಜಿನಲ್ಲಿ ದೀಕ್ಷೆ ಪಡೆದೇ ಮುಂಬಯಿಗೆ ಮರಳಿದರು. ಈಗ ಅವರು ಅರ್ಜಿದಾರರಲ್ಲ, ಪೂರ್ಣ ಸಹೋದರ. ಆದರೂ ಇಲ್ಲಿನ ಲಾಡ್ಜ್ ಅವರನ್ನು ಸೇರಿಸಿಕೊಳ್ಳಲಿಲ್ಲ. ಆಗ ನಡುವೆ ಬಂದವರು ಡಾ. ಜೇಮ್ಸ್ ಬರ್ನ್ಸ್ ಎಂಬ ಸ್ಕಾಟಿಷ್ ವೈದ್ಯ, ಸ್ಕಾಟ್ಲೆಂಡ್ ಗ್ರ್ಯಾಂಡ್ ಲಾಡ್ಜಿನ ಪರವಾಗಿ ಪಶ್ಚಿಮ ಭಾರತದ ಮೇಸನ್ನರ ಮುಖ್ಯಸ್ಥ, ಕವಿ ರಾಬರ್ಟ್ ಬರ್ನ್ಸ್‌ನ ಬಂಧು. 1843ರ ಡಿಸೆಂಬರ್ 15ರಂದು, ಭಾರತೀಯರನ್ನು ಸೇರಿಸಿಕೊಳ್ಳುವುದಕ್ಕೆಂದೇ 'ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ' ಎಂಬ ಹೊಸ ಲಾಡ್ಜನ್ನು ಅವರು ಮುಂಬಯಿಯಲ್ಲಿ ಸ್ಥಾಪಿಸಿದರು. ಮಾಣಿಕ್‌ಜಿ ಅದರ ಮೊದಲ ಸದಸ್ಯರಲ್ಲೊಬ್ಬರು. ಪಾರ್ಸಿಗಳು, ಮುಸ್ಲಿಮರು ಒಬ್ಬೊಬ್ಬರಾಗಿ ಬಂದರು.

ಬರ್ನ್ಸ್ ಬಗ್ಗೆ ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿದೆ. ಇದಕ್ಕೆ ಎರಡೇ ವರ್ಷ ಮೊದಲು, 1841ರ ನವೆಂಬರ್ 2ರಂದು, ಅವರ ಇಬ್ಬರು ತಮ್ಮಂದಿರು ಅಲೆಕ್ಸಾಂಡರ್ ಮತ್ತು ಚಾರ್ಲ್ಸ್ ಕಾಬೂಲಿನ ದಂಗೆಯಲ್ಲಿ ಒಂದೇ ದಿನ ಕೊಲೆಯಾಗಿದ್ದರು. ಆ ಸುದ್ದಿ ಬಂದ ಮೇಲೆ ಪೂರ್ವದವರೆಲ್ಲ ಕೊಲೆಗಡುಕರು ಎಂದು ಅವರು ಬಾಗಿಲು ಹಾಕಿಕೊಂಡಿದ್ದರೆ ಯಾವ ಸಾಹೇಬನೂ ತಪ್ಪು ಎನ್ನುತ್ತಿರಲಿಲ್ಲ. ಅವರು ಬಾಗಿಲು ತೆರೆದರು.

ಹಾಗೆಂದು ಇದನ್ನು ಬರೀ ಸುಖಾಂತ್ಯದ ಕಥೆಯಾಗಿ ಓದುವುದೂ ಕಷ್ಟ. ಗಮನಿಸಿ, ಕರಿ ಗುಂಡು ಹಾಕಿದ ಲಾಡ್ಜಿನ ಬಾಗಿಲು ತೆರೆಯಲಿಲ್ಲ. ಪಕ್ಕದಲ್ಲಿ ಇನ್ನೊಂದು ಬಾಗಿಲು ಕೊರೆದರು. ನಮ್ಮ ಊರಿನ ಚಹಾದಂಗಡಿಗಳಲ್ಲಿ ಎರಡು ಥರದ ಲೋಟ ನೋಡಿದವರಿಗೆ ಈ ಉಪಾಯ ಅಪರಿಚಿತವೇನಲ್ಲ. ಆದರೆ ಈ ಎರಡನೇ ಲೋಟ ಹಿಡಿದವರು ಅದನ್ನು ಚೆನ್ನಾಗಿಯೇ ಬಳಸಿದರು. ಚುನಾವಣೆ, ನಡಾವಳಿ, ಲೆಕ್ಕಪತ್ರ, ವರ್ಷಕ್ಕೊಮ್ಮೆ ಬದಲಾಗುವ ಅಧ್ಯಕ್ಷ, ಇವೆಲ್ಲವನ್ನೂ ಭಾರತೀಯರು ಭಾರತೀಯರೊಂದಿಗೆ ನಡೆಸಿ ಕಲಿತ ಮೊದಮೊದಲ ಜಾಗಗಳಲ್ಲಿ ಇದೂ ಒಂದು. ಕೆ. ಆರ್. ಕಾಮಾ ಅವರಂಥ ವಿದ್ವಾಂಸರು ಇಲ್ಲಿ ಬೆಳೆದರು. ಜರತುಷ್ಟ್ರ ಧರ್ಮಕ್ಕೂ ಮೇಸನ್ ತತ್ವಕ್ಕೂ ನಂಟು ಹುಡುಕಿ ಅವರು ಉಪನ್ಯಾಸ ಕೊಟ್ಟರು. ದಾದಾಭಾಯಿ ನವರೋಜಿ ಮೇಸನ್ ಆಗಿದ್ದರು, ಮುಂದೆ ಮೋತಿಲಾಲ್ ನೆಹರೂ ಕೂಡ. ಮತ, ಭಾಷೆ ಬೇರೆಯಾದವರು ಒಂದು ಕೋಣೆಯಲ್ಲಿ ಕೂತು ನಿಯಮದ ಪ್ರಕಾರ ಜಗಳವಾಡದೆ ಮಾತಾಡುವುದನ್ನು ಒಂದು ತಲೆಮಾರು ಎಲ್ಲೋ ಕಲಿತಿತ್ತು. 1885ರ ಡಿಸೆಂಬರಿನಲ್ಲಿ ಇದೇ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಮೊದಲ ಅಧಿವೇಶನಕ್ಕೆ ಸೇರಿದ 72 ಮಂದಿಗೆ ಆ ಅಭ್ಯಾಸ ಉಪಯೋಗಕ್ಕೆ ಬಂದಿರಲೇಬೇಕು.

ನನ್ನ ಸರದಿ ಬಂದದ್ದು ಒಬ್ಬ ಪಾರ್ಸಿ ಹಿರಿಯರ ಮೂಲಕ. ನಮ್ಮ ಕಂಪನಿಯ ಲೆಕ್ಕಪತ್ರ ವಿಭಾಗದಿಂದ ನಿವೃತ್ತರಾದವರು. ಮುಂಬಯಿಗೆ ಬಂದು ಎಂಟು ವರ್ಷವಾಗಿದ್ದರೂ ನನಗೆ ಈ ಊರಿನಲ್ಲಿ ಎರಡೇ ಬಗೆಯ ಜನ ಗೊತ್ತಿದ್ದರು: ಆಫೀಸಿನವರು ಮತ್ತು ಕನ್ನಡದವರು. ಎಂ.ಟೆಕ್. ಮುಗಿಸಿ ಬಂದವನು ಪ್ರಾಜೆಕ್ಟಿನಿಂದ ಪ್ರಾಜೆಕ್ಟಿಗೆ ಜಿಗಿಯುತ್ತ, ಊರನ್ನು ಲೋಕಲ್ ರೈಲಿನ ಕಿಟಕಿಯಿಂದಷ್ಟೇ ನೋಡಿದ್ದೆ. ಅವರ ಕೋಟಿನ ಮೇಲಿನ ಮೂಲೆಮಟ್ಟ ಮತ್ತು ಕೈವಾರದ ಸಣ್ಣ ಪಿನ್ ನೋಡಿ ನಾನೇ ಕೇಳಿದೆ. ಮೇಸನ್ನರು ಯಾರನ್ನೂ ಕರೆಯುವುದಿಲ್ಲ, ಬರುವವನೇ ಕೇಳಬೇಕು ಎಂಬುದು ಹಳೆಯ ವಾಡಿಕೆ. “ಡಿಕ್ರಾ, ಆರು ತಿಂಗಳು ಯೋಚನೆ ಮಾಡು” ಎಂದರು. ಮಾಡಿದೆ. ಮನೆಗೆ ಇಬ್ಬರು ಬಂದು ಹೆಂಡತಿಯನ್ನೂ ಮಾತಾಡಿಸಿದರು. ಪೆಟ್ಟಿಗೆ ಸುತ್ತು ಬಂದ ದಿನ ನಾನು ಅಲ್ಲಿರಲಿಲ್ಲ. ಎರಡು ದಿನ ಬಿಟ್ಟು ಫೋನ್ ಬಂತು.

ಮೊದಲ ಡಿಗ್ರಿಗೆ 'ಎಂಟರ್ಡ್ ಅಪ್ರೆಂಟಿಸ್' ಎಂದು ಹೆಸರು. ಒಳಗೆ ಹೋಗುವ ಮೊದಲು ಜೇಬಿನ ಹಣ, ಉಂಗುರ, ಗಡಿಯಾರ, ಬೆಲ್ಟಿನ ಬಕಲ್, ಲೋಹದ ಚೂರೂ ಉಳಿಯದಂತೆ ತೆಗೆಸುತ್ತಾರೆ. ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ. ಒಳಗೆ ಒಂದು ಹಂತದಲ್ಲಿ ಈಶಾನ್ಯ ಮೂಲೆಯಲ್ಲಿ ನಿಲ್ಲಿಸಿ, ಬಡವರಿಗೆ ಏನು ಕೊಡುತ್ತೀಯ ಎಂದು ಕೇಳುತ್ತಾರೆ. ಜೇಬು ತಡಕಿದರೆ ಏನೂ ಇಲ್ಲ. ತಿಂಗಳ ಸಂಬಳ ಬ್ಯಾಂಕಿನಲ್ಲಿ ಬೆಚ್ಚಗಿದ್ದ ನನಗೆ, ಕೇಳಿದಾಗ ಕೊಡಲು ಕೈಯಲ್ಲಿ ಏನೂ ಇಲ್ಲದಿರುವುದು ಹೇಗಿರುತ್ತದೆ ಎಂದು ಒಂದು ಕ್ಷಣ ತಟ್ಟಿತು. ಆಮೇಲೆ 24 ಅಂಗುಲದ ಅಳತೆಗೋಲು ಕೊಟ್ಟು, ದಿನದ 24 ಗಂಟೆಯನ್ನು ಪ್ರಾರ್ಥನೆಗೆ, ದುಡಿಮೆಗೆ ಮತ್ತು ವಿಶ್ರಾಂತಿಗೆ, ಕಷ್ಟದಲ್ಲಿರುವ ಗೆಳೆಯನಿಗೆ ಎಂದು ಹಂಚು ಎನ್ನುತ್ತಾರೆ. ಟೈಮ್‌ಶೀಟ್ ತುಂಬಿಸುವ ನನ್ನ ಕಸುಬಿನಲ್ಲಿ ಈ ಕೊನೆಯ ಕಾಲಂ ಇರಲೇ ಇಲ್ಲ.

ಪ್ರಮಾಣ ಮಾಡುವಾಗ ನನ್ನ ಕೈ ಭಗವದ್ಗೀತೆಯ ಮೇಲಿತ್ತು. ನನ್ನ ಜೊತೆಗೇ ದೀಕ್ಷೆ ಪಡೆದ ಮುಸ್ಲಿಂ ಗೆಳೆಯನ ಕೈ ಕುರಾನಿನ ಮೇಲೆ. ಭಾರತದ ಗ್ರ್ಯಾಂಡ್ ಲಾಡ್ಜಿನ ಲಾಂಛನದಲ್ಲೇ ಐದು ಗ್ರಂಥಗಳಿವೆ: ಗೀತೆ, ಕುರಾನ್, ಬೈಬಲ್, ಗುರು ಗ್ರಂಥ ಸಾಹಿಬ್, ಝೆಂದ್ ಅವೆಸ್ತಾ. ದೇವರನ್ನು ಇಲ್ಲಿ ವಿಶ್ವದ ಮಹಾಶಿಲ್ಪಿ ಎಂದು ಕರೆಯುತ್ತಾರೆ. ನಮಗದು ವಿಶ್ವಕರ್ಮ ಎಂದು ಕೇಳಿಸುತ್ತದೆ, ತೊಂದರೆಯಿಲ್ಲ.

ಆ ಗೀತೆಯ ಪ್ರತಿ ಅಲ್ಲಿಗೆ ಬರಲು ಒಂಬತ್ತು ವರ್ಷದ ಜಗಳ ಬೇಕಾಯಿತು ಎಂದು ಗೊತ್ತಾದದ್ದು ಆಮೇಲೆ. ಪಾರ್ಸಿ, ಮುಸ್ಲಿಮರನ್ನು ಸೇರಿಸಿಕೊಂಡ ಮೇಲೂ ಹಿಂದೂಗಳ ಬಗ್ಗೆ ಬ್ರಿಟಿಷ್ ಮೇಸನ್ನರಿಗೆ ತಕರಾರಿತ್ತು. ಇವರಿಗೆ ದೇವರು ಒಬ್ಬನೋ ಹಲವರೋ? ಯಾವ ಗ್ರಂಥದ ಮೇಲೆ ಪ್ರಮಾಣ ಮಾಡಿಸುವುದು? ಜೊತೆಗೆ ಕೂತು ಉಣ್ಣದವನು ಸಹೋದರ ಹೇಗಾದಾನು? 1863ರಲ್ಲಿ ಕಲ್ಕತ್ತದ ಪ್ರಸನ್ನ ಕುಮಾರ ದತ್ತ ಎಂಬ ವ್ಯಾಪಾರಿ ಅರ್ಜಿ ಹಾಕಿದರು. ಅಲ್ಲಿನ ಪ್ರಾಂತೀಯ ಮುಖ್ಯಸ್ಥರು ತಡೆದರು. ದತ್ತರು ಲಂಡನ್ನಿನವರೆಗೂ ದೂರು ಒಯ್ದರು. 1872ರಲ್ಲಿ 'ಆ್ಯಂಕರ್ ಅಂಡ್ ಹೋಪ್' ಲಾಡ್ಜ್ ಅವರಿಗೆ ದೀಕ್ಷೆ ಕೊಟ್ಟಿತು. ಹನ್ನೆರಡು ವರ್ಷದ ನಂತರ, 1884ರ ಫೆಬ್ರವರಿಯಲ್ಲಿ, ಅದೇ ಲಾಡ್ಜಿಗೆ ನರೇಂದ್ರನಾಥ ದತ್ತ ಎಂಬ ಇಪ್ಪತ್ತೊಂದು ವರ್ಷದ ಯುವಕ ಸೇರಿದ. ಮುಂದೆ ಅವನೇ ಸ್ವಾಮಿ ವಿವೇಕಾನಂದ.

ಸಹೋದರನಾಗಲು ಉಣ್ಣಬೇಕು ಎಂಬ ಆ ಕೊನೆಯ ತಕರಾರನ್ನು ಮಾತ್ರ ನಾನು ಸುಲಭವಾಗಿ ತಳ್ಳಿಹಾಕಲಾರೆ. ಕಿಪ್ಲಿಂಗನ 'ದಿ ಮದರ್ ಲಾಡ್ಜ್' ಎಂಬ ಪದ್ಯದಲ್ಲಿ ಹಿಂದೂ, ಮುಸ್ಲಿಂ, ಸಿಖ್, ಯೆಹೂದಿ, ಪಾರ್ಸಿ ಎಲ್ಲರೂ ಒಂದೇ ಲಾಡ್ಜಿನ ಸಹೋದರರು. ಹೊರಗೆ ಸಲಾಮು, ಒಳಗೆ ಸಮಾನತೆ. ಆದರೆ ಅವರು ಔತಣ ಇಟ್ಟುಕೊಳ್ಳುತ್ತಿರಲಿಲ್ಲ, ಯಾರದಾದರೂ ಜಾತಿ ಕೆಟ್ಟೀತೆಂದು. ಬಿಳಿಯರ ಪೆಟ್ಟಿಗೆಯಲ್ಲಿ ಕರಿ ಗುಂಡು ಇದ್ದದ್ದು ನಿಜ. ನಮ್ಮ ಊಟದ ಪಂಕ್ತಿಯಲ್ಲೂ ಕರಿ ಗುಂಡುಗಳಿದ್ದವು. ಅದನ್ನು ಹಾಕಲು ನಮಗೆ ಪೆಟ್ಟಿಗೆಯೇ ಬೇಕಿರಲಿಲ್ಲ.

ಎರಡನೆಯದು 'ಫೆಲೊ ಕ್ರಾಫ್ಟ್'. ಮೂಲೆಮಟ್ಟ, ಮಟ್ಟಗೋಲು, ತೂಗುಗುಂಡು ಇದರ ಉಪಕರಣಗಳು. ನಡತೆ ನೇರವಿರಲಿ, ನಿಲುವು ನೆಟ್ಟಗಿರಲಿ, ಎಲ್ಲರೂ ಒಂದೇ ಮಟ್ಟದಲ್ಲಿ ನಿಂತವರು ಎಂದು ನೆನಪಿರಲಿ ಎಂಬುದು ಪಾಠ. ಮೂರನೆಯದು 'ಮಾಸ್ಟರ್ ಮೇಸನ್'. ಸೊಲೊಮನ್ ರಾಜನ ದೇಗುಲ ಕಟ್ಟಿದ ಹಿರಾಮ್ ಎಂಬ ಶಿಲ್ಪಿ, ಕೊಟ್ಟ ಮಾತು ಬಿಡದೆ ಕೊಲೆಯಾದ ಕಥೆ ಅಲ್ಲಿ ನಾಟಕದಂತೆ ನಡೆಯುತ್ತದೆ. ದೀಕ್ಷೆ ಪಡೆಯುವವನೇ ಹಿರಾಮ್. ಸಾವನ್ನು ಒಮ್ಮೆ ಅಭಿನಯಿಸಿ ಎದ್ದ ಮೇಲೆ ಡೆಡ್‌ಲೈನ್ ಎಂಬ ಮಾತಿನ ಭಾರ ಸ್ವಲ್ಪ ಕಡಿಮೆಯಾಗುತ್ತದೆ. ವಾಟ್ಸಾಪಿನಲ್ಲಿ ಓಡಾಡುವ '33ನೇ ಡಿಗ್ರಿಯ ಜಗತ್ತನ್ನಾಳುವವರು' ಬೇರೆ ಒಂದು ಶಾಖೆಯ ಪದವಿ ಅಷ್ಟೇ. ಮೂಲ ಮೇಸನ್ ಸಂಘದಲ್ಲಿ ಮೂರೇ ಡಿಗ್ರಿ, ಮೂರನೆಯದಕ್ಕಿಂತ ಮೇಲಿನದಿಲ್ಲ. ಜಗತ್ತನ್ನಾಳುವುದಿರಲಿ, ಕಳೆದ ಸಭೆಯ ಕೇಟರಿಂಗ್ ಬಿಲ್ಲಿನ ಬಗ್ಗೆ ನಮ್ಮ ಲಾಡ್ಜಿನಲ್ಲಿ ಮುಕ್ಕಾಲು ಗಂಟೆ ಚರ್ಚೆಯಾಗಿದೆ.

ಡಿಗ್ರಿ ಮುಗಿದ ಮೇಲೆ ಶುರುವಾಗುವುದು ಹುದ್ದೆಗಳ ಏಣಿ. ಸ್ಟೂವರ್ಡ್ ಆಗಿ ಊಟ ಬಡಿಸಿದೆ. ಇನ್ನರ್ ಗಾರ್ಡ್ ಆಗಿ ಬಾಗಿಲು ಕಾದೆ. ಡೀಕನ್ ಆಗಿ ಕಣ್ಣು ಕಟ್ಟಿದ ಹೊಸಬರ ಕೈ ಹಿಡಿದು ನಡೆಸಿದೆ. ಜೂನಿಯರ್ ವಾರ್ಡನ್, ಸೀನಿಯರ್ ವಾರ್ಡನ್ ಆಗಿ, ಕೊನೆಗೆ ಪೂರ್ವದಿಕ್ಕಿನ ಕುರ್ಚಿಯಲ್ಲಿ ಮಾಸ್ಟರ್. ನಡುವೆ ಕೋವಿಡ್ ಬಂದು ಸಭೆಗಳು ನಿಂತವು. ಆಗ ತೀರಿಕೊಂಡ ಸಹೋದರರ ಮನೆಗಳಿಗೆ ವಾರಕ್ಕೊಮ್ಮೆ ಫೋನ್ ಮಾಡುವ ಪಟ್ಟಿ ಮಾಡಿಕೊಂಡಿದ್ದೆವು. ಅಳತೆಗೋಲಿನ ಆ ಕೊನೆಯ ಕಾಲಂ ನಾನು ತುಂಬಿಸಿದ್ದು ಆಗಲೇ. ಇಲ್ಲಿನ ಏಣಿಗೂ ಆಫೀಸಿನ ಏಣಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಮಾಸ್ಟರ್ ಆದವನು ವರ್ಷ ಮುಗಿದ ಕೂಡಲೇ ಇಳಿಯಬೇಕು. ನನಗಿಂತ ಮೊದಲು ಆ ಕುರ್ಚಿಯಲ್ಲಿದ್ದ, ದೊಡ್ಡ ಆಸ್ಪತ್ರೆಯೊಂದರ ಹಿರಿಯ ಸರ್ಜನ್, ನನ್ನ ವರ್ಷದಲ್ಲಿ ಬಾಗಿಲ ಹೊರಗೆ ಕತ್ತಿ ಹಿಡಿದು ಕಾವಲು ನಿಂತರು. ನಮ್ಮ ಕಂಪನಿಗಳಲ್ಲಿ ಡೈರೆಕ್ಟರ್ ಆದವರು ಮುಂದಿನ ವರ್ಷ ರಿಸೆಪ್ಷನ್ನಿನಲ್ಲಿ ಕೂತರೆ ಎಷ್ಟು ಸಮಸ್ಯೆಗಳು ತಾವಾಗಿ ಪರಿಹಾರವಾಗುತ್ತವೋ!

ಸ್ವಾತಂತ್ರ್ಯ ಬಂದ ಮೇಲೆ ಈ ಸಂಘಕ್ಕೂ ಸ್ವಾತಂತ್ರ್ಯ ಬಂತು, ಸ್ವಲ್ಪ ತಡವಾಗಿ. 1961ರ ನವೆಂಬರ್ 24ರಂದು ದೆಹಲಿಯಲ್ಲಿ ಭಾರತದ ಗ್ರ್ಯಾಂಡ್ ಲಾಡ್ಜ್ ಸ್ಥಾಪನೆಯಾಯಿತು. ಮೊದಲ ಗ್ರ್ಯಾಂಡ್ ಮಾಸ್ಟರ್ ರಾಂಪುರದ ನವಾಬ ರಝಾ ಅಲಿ ಖಾನ್. ಸೇರುವುದು ಬಿಡುವುದು ಆಯಾ ಲಾಡ್ಜಿನ ಇಷ್ಟಕ್ಕೆ ಬಿಟ್ಟದ್ದರಿಂದ, ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡಿನ ಅಧೀನದಲ್ಲೇ ಉಳಿದ ಲಾಡ್ಜುಗಳು ಭಾರತದಲ್ಲಿ ಇಂದಿಗೂ ಇವೆ. ಮುಂಬಯಿಯ ಫ್ರೀಮೇಸನ್ಸ್ ಹಾಲ್ ಇರುವುದು ಫೋರ್ಟಿನಲ್ಲಿ, ಸ್ಟರ್ಲಿಂಗ್ ಸಿನಿಮಾದ ಹಿಂಭಾಗ. ಸಿಎಸ್‌ಎಂಟಿಯಲ್ಲಿ ಇಳಿದರೆ ನಡೆದೇ ಹೋಗಬಹುದು. ಎಷ್ಟೋ ಸಲ ಅದರ ಮುಂದೆ ಹಾದು ಸಿನಿಮಾಕ್ಕೆ ಹೋದವರು ನಿಮ್ಮಲ್ಲೂ ಇರಬಹುದು.

ಅದೇ ಫೋರ್ಟಿನಲ್ಲಿ ಇನ್ನೊಂದು ಚರಿತ್ರೆಯೂ ಇದೆ, ನಮ್ಮದು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿ ಶಾಲೆಗಳಲ್ಲಿ ಕೂತು ಮೆಟ್ರಿಕ್ ಪಾಸು ಮಾಡಿದ ಹುಡುಗರ ಚರಿತ್ರೆ. ಮುಂಬಯಿ ಕನ್ನಡಿಗರೂ ಸಂಘ ಕಟ್ಟಿದವರೇ. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರಲ್ಲಿ ಮೈಸೂರು ಅಸೋಸಿಯೇಷನ್, 1927ರಲ್ಲಿ ಬಂಟರ ಸಂಘ, ಹೀಗೆ ಉದ್ದಕ್ಕೆ ಪಟ್ಟಿಯಿದೆ. ಶಾಲೆ, ವಿದ್ಯಾರ್ಥಿವೇತನ, ಯಕ್ಷಗಾನ, ಹೆಣ ಊರಿಗೆ ಕಳಿಸುವ ಏರ್ಪಾಡು, ಎಲ್ಲವನ್ನೂ ಈ ಸಂಘಗಳೇ ಮಾಡಿದವು. ಆದರೆ ಇವುಗಳಲ್ಲಿ ಹೆಚ್ಚಿನವಕ್ಕೆ 'ನಮ್ಮವರು' ಎಂದರೆ ನಮ್ಮ ಜಾತಿಯವರು. ಹಾಗಾಗಿಯೇ ಜಾತಿ, ಭಾಷೆ ಕೇಳದ ಒಂದು ಕೋಣೆ ನನಗೆ ಅಷ್ಟು ದೊಡ್ಡದಾಗಿ ಕಂಡಿತು. ಅಷ್ಟು ಮೆಚ್ಚಿದ ಮೇಲೆ, ಆ ಕೋಣೆಗೆ ಈಗ ಯಾರು ಬರುತ್ತಿಲ್ಲ ಎಂದು ನೋಡುವುದೂ ನನ್ನ ಕೆಲಸವಾಗುತ್ತದೆ.

ಹೆಂಗಸರು ಬರುವಂತಿಲ್ಲ. ಪ್ಯಾರಿಸ್ಸಿನಲ್ಲಿ 1893ರಲ್ಲಿ ಹೆಣ್ಣು ಗಂಡು ಇಬ್ಬರೂ ಇರುವ ಮೇಸನ್ ಸಂಘ ಶುರುವಾಯಿತು. ಅದನ್ನು ಇಂಗ್ಲೆಂಡಿಗೂ ಭಾರತಕ್ಕೂ ತಂದವರು ಅನಿ ಬೆಸೆಂಟ್. ನಮ್ಮ ಬಗೆಯ ಲಾಡ್ಜುಗಳು ಅದನ್ನು ಒಪ್ಪುವುದಿಲ್ಲ. ಕಾಲೇಜಿಗೆ ಹೋಗುವ ಮಗಳು “ಮಾಣಿಕ್‌ಜಿ ಹುಡು‌ಗಿಯರಿಗೆ ಸ್ಕೂಲು ತೆರೆದರು, ಲಾಡ್ಜ್ ಯಾಕೆ ತೆರೆಯಲಿಲ್ಲ ಪಪ್ಪಾ?” ಎಂದು ಕೇಳುತ್ತಾಳೆ. ಸಂಪ್ರದಾಯ ಎಂಬ ಉತ್ತರವನ್ನು 1843ರಲ್ಲಿ ಲಾಡ್ಜ್ ಪರ್ಸಿವರೆನ್ಸ್‌ನವರೂ ಕೊಟ್ಟಿರಬಹುದು.

ಇನ್ನೊಂದು ಗೋಡೆ ಕಣ್ಣಿಗೆ ಕಾಣುವುದಿಲ್ಲ. ಡೊಂಬಿವಲಿಯಲ್ಲಿ ಸಣ್ಣ ಹೋಟೆಲು ನಡೆಸುವ ಕುಂದಾಪುರದ ಕಡೆಯವರೊಬ್ಬರು ನನಗೆ ಬಹಳ ವರ್ಷದ ಪರಿಚಯ. ಹನ್ನೆರಡರ ಪ್ರಾಯಕ್ಕೆ ಮುಂಬಯಿಗೆ ಬಂದು, ರಾತ್ರಿ ಶಾಲೆಯಲ್ಲಿ ಓದಿದವರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಒಂದು ದಿನ ಚಹಾ ಮುಂದಿಟ್ಟು ಕೇಳಿದರು, “ಸರ್, ನೀವು ಆ ಮೇಸನ್‌ನಲ್ಲಿ ಇದ್ದೀರಂತಲ್ಲ, ನಮ್ಮಂಥವರನ್ನು ತೆಕ್ಕೊಳ್ತಾರಾ? ದೇವರ ಮೇಲೆ ನಂಬಿಕೆ ಉಂಟು, ಕೋರ್ಟು ಕೇಸು ಒಂದೂ ಇಲ್ಲ.” ನಿಯಮದ ಪ್ರಕಾರ ಅಷ್ಟೇ ಬೇಕಾದದ್ದು. ಆದರೆ ಪ್ರವೇಶ ಶುಲ್ಕ, ವರ್ಷದ ವಂತಿಗೆ, ಸೂಟು, ಸಂಜೆ ಆರೂವರೆಗೆ ಫೋರ್ಟಿನಲ್ಲಿ ಸಭೆ ಎಂದು ನಾನು ಹೇಳುತ್ತ ಹೋದಂತೆ ಅವರು ಬೆರಳು ಮಡಚಿ ಲೆಕ್ಕ ಹಾಕಿ ನಕ್ಕರು. “ಶುಲ್ಕ ಹೇಗಾದರೂ ಆಗ್ತದೆ. ಆ ಹೊತ್ತಿಗೆ ಗಲ್ಲಾದಲ್ಲಿ ಯಾರು ಕೂರ್ತಾರೆ ಮಾರಾಯ್ರೆ?”

ಮಾಣಿಕ್‌ಜಿಗೆ ಕರಿ ಗುಂಡಾದರೂ ಬಿದ್ದಿತ್ತು. ಅದನ್ನು ಹಿಡಿದು ತೋರಿಸಿ ಜಗಳವಾಡಬಹುದಿತ್ತು. ಇಲ್ಲಿ ಪೆಟ್ಟಿಗೆ ಹೊರಬರುವ ಮೊದಲೇ ಮನುಷ್ಯ ವಾಪಸು ಹೋಗುತ್ತಾನೆ. ಹಣ, ಹೊತ್ತು, ಇಂಗ್ಲಿಷ್, ಈ ಮೂರೂ ಇದ್ದವರೇ ಕೂತು ನಾವೆಲ್ಲ ಸಮಾನರು ಎಂದು ಹೇಳಿಕೊಳ್ಳುವುದು ಕಷ್ಟದ ಕೆಲಸವಲ್ಲ. ಕಲ್ಲು ಕಡಿಯುವವರ ಹೆಸರಿಟ್ಟುಕೊಂಡ ಸಂಘದಲ್ಲಿ ಕೈಯಿಂದ ದುಡಿಯುವವರು ಎಷ್ಟು ಜನ ಎಂದು ನನ್ನ ಮಾಸ್ಟರ್ ವರ್ಷದಲ್ಲಿ ಸಭೆಯ ಮುಂದಿಟ್ಟೆ. ಎರಡು ನಿರ್ಣಯ ಮಂಡಿಸಿದೆ. ಪ್ರವೇಶ ಶುಲ್ಕವನ್ನು ಕಂತಿನಲ್ಲಿ ಕಟ್ಟಬಹುದು ಎಂಬುದಕ್ಕೆ ಒಪ್ಪಿಗೆ ಸಿಕ್ಕಿತು. ಸಭೆಯನ್ನು ಭಾನುವಾರ ಬೆಳಿಗ್ಗೆಗೆ ಬದಲಿಸುವುದು ಬಿದ್ದುಹೋಯಿತು. ಭಾನುವಾರ ಮನೆಯವರ ಜೊತೆಗಿರಬೇಕು ಎಂದರು. ಅವರ ಮಾತೂ ಸುಳ್ಳಲ್ಲ.

ಈ ವರ್ಷ ಆ ಹೋಟೆಲಿನವರ ಮಗ ಓದು ಮುಗಿಸಿ ಸಂಜೆ ಹೊತ್ತು ಗಲ್ಲಾದಲ್ಲಿ ಕೂರುತ್ತಿದ್ದಾನೆ. ಅಪ್ಪ ಅರ್ಜಿ ತುಂಬಿದ್ದಾರೆ. ಸೂಚಕನ ಜಾಗದಲ್ಲಿ ನನ್ನ ಸಹಿಯಿದೆ, ಅನುಮೋದಕರು ಬಾಗಿಲು ಕಾದ ಆ ಸರ್ಜನ್. ಮನೆಗೆ ಹೋಗಿ ಮಾತಾಡಿಸಿ ಬಂದವರು ಅಲ್ಲಿ ತಿಂದ ನೀರುದೋಸೆಯನ್ನು ಹೊಗಳಿದ್ದಾರೆ, ಬೇರೇನೂ ಹೇಳಿಲ್ಲ, ಹೇಳಬಾರದು. ಮತ ಯಾರು ಹೇಗೆ ಹಾಕುತ್ತೀರಿ ಎಂದು ನಾನು ಯಾರನ್ನೂ ಕೇಳುವಂತಿಲ್ಲ. ಮುಂದಿನ ತಿಂಗಳ ಎರಡನೇ ಶುಕ್ರವಾರ ಪೆಟ್ಟಿಗೆ ಸುತ್ತು ಬರುತ್ತದೆ.